ಇದ್ದೂ ಇಲ್ಲದ ಲೈಬ್ರರಿ

ಹಿಂಜವಡಿಯ ಆಫೀಸಾಗಲಿ, ಪಾಷಾಣ್ ಕಡೆಯ ಲ್ಯಾಬಾಗಲಿ, ಹುಬ್ಬಳ್ಳಿ-ಕಲಬುರಗಿಯಿಂದ ಪುಣೆಗೆ ಬಂದ ಹುಡುಗರ ದೂರು ಒಂದೇ: “ಸರ್, ಲೈಬ್ರರಿ ಇನ್‌ಸ್ಟಾಲ್ ಐತಿ, ಆದ್ರೂ ಇಲ್ಲ ಅಂತೈತಿ.” ಲಿನಕ್ಸ್‌ನಲ್ಲಿ ಪ್ರೋಗ್ರಾಂ ಒಂದನ್ನು ಸೋರ್ಸ್‌ನಿಂದ, ಎಂದರೆ ಅದರ ಮೂಲ ಬರಹದಿಂದ, ಕಟ್ಟುವಾಗ ಬರುವ ದೂರು ಇದು. ಲೈಬ್ರರಿ ಎಂದರೆ ಬೇರೆ ಪ್ರೋಗ್ರಾಂಗಳು ಎರವಲು ಪಡೆಯುವ ಸಿದ್ಧ ಕೋಡ್; ಮೂಲ ಬರಹವನ್ನು ಯಂತ್ರದ ಭಾಷೆಗೆ ತರುವುದು ಕಂಪೈಲರ್. ಹುಡುಗ ಹೇಳುವುದೂ ನಿಜ, ಕಂಪೈಲರ್ ಹೇಳುವುದೂ ನಿಜ.

ಡೆಬಿಯನ್, ಉಬುಂಟು ಎಂಬ ಲಿನಕ್ಸ್ ಬಗೆಗಳಲ್ಲಿ ಒಂದೇ ಲೈಬ್ರರಿಯನ್ನು ಎರಡು ಪೊಟ್ಟಣ (ಪ್ಯಾಕೇಜ್) ಕಟ್ಟಿ ಕೊಡುತ್ತಾರೆ. ಉಬುಂಟು 22.04ರಲ್ಲಿ ಓಪನ್‌ಎಸ್‌ಎಸ್‌ಎಲ್ ಎಂಬ ಗೂಢಲಿಪಿ ಲೈಬ್ರರಿಯ ಲಿಬ್‌ಎಸ್‌ಎಸ್‌ಎಲ್3 ಇರುವುದು ಸಿದ್ಧ ಪ್ರೋಗ್ರಾಂ ಓಡಿಸುವುದಕ್ಕೆ. ಸೋರ್ಸ್‌ನಿಂದ ಕಟ್ಟಬೇಕಾದರೆ ಲಿಬ್‌ಎಸ್‌ಎಸ್‌ಎಲ್-ಡೆವ್ ಬೇಕು. ಹೆಡರ್‌ಗಳು, ಲೈಬ್ರರಿಯ ವಿಳಾಸ ಹೇಳುವ ಪಿಸಿ ಫೈಲ್, ಲಿಂಕರ್ (ತುಂಡುಗಳನ್ನು ಜೋಡಿಸುವ ಸಾಧನ) ಹುಡುಕುವ ಸಂಖ್ಯೆಯಿಲ್ಲದ ಎಸ್‌ಒ ಕೊಂಡಿ, ಎಂದರೆ ಲೈಬ್ರರಿ ಫೈಲಿನತ್ತ ಬೊಟ್ಟು ಮಾಡುವ ಹೆಸರು, ಎಲ್ಲ ಇರುವುದು ಅದರಲ್ಲೇ. ಫೆಡೋರಾದಲ್ಲಿ ಡೆವ್ ಬದಲು ಡೆವೆಲ್ ಅನ್ನುತ್ತಾರೆ. ಹತ್ತರಲ್ಲಿ ಏಳೆಂಟು ದೂರು ಇಲ್ಲಿಗೇ ಮುಗಿಯುತ್ತವೆ.

ಉಳಿದವಕ್ಕೆ, ಕೆಲಸ ಯಾವ ಹಂತದಲ್ಲಿ ನಿಂತಿತು ಎಂಬುದನ್ನು ಮೊದಲು ನೋಡಬೇಕು. ಹೆಡರ್ ಎಂದರೆ ಲಗ್ನಪತ್ರಿಕೆ ಇದ್ದಂತೆ, ಯಾರ‍್ಯಾರು ಬರುತ್ತಾರೆ ಎಂದಷ್ಟೇ ಹೇಳುತ್ತದೆ. ಕಂಪೈಲರ್ ಅದನ್ನು ಓದಿ ತೃಪ್ತಿಪಡುತ್ತದೆ. ಲಿಂಕರ್ ಆಳನ್ನೇ, ಎಂದರೆ ಲೈಬ್ರರಿ ಫೈಲನ್ನೇ, ಕೇಳುತ್ತದೆ. ಪ್ರೋಗ್ರಾಂ ಓಡುವಾಗ ಆ ಆಳು ಮತ್ತೊಮ್ಮೆ ಬಾಗಿಲಲ್ಲಿ ನಿಂತಿರಬೇಕು. ‘ನೋ ಸಚ್ ಫೈಲ್ ಆರ್ ಡೈರೆಕ್ಟರಿ’ ಎಂದು ಡಾಟ್ ಎಚ್ ಫೈಲಿನ ಹೆಸರು ಬಂದರೆ ಪತ್ರಿಕೆಯೇ ಇಲ್ಲ. ‘ಕೆನಾಟ್ ಫೈಂಡ್ ಮೈನಸ್ ಎಲ್...’ ಎಂದರೆ ಪತ್ರಿಕೆ ಇದೆ, ಆಳಿಲ್ಲ. ‘ಎರರ್ ವೈಲ್ ಲೋಡಿಂಗ್ ಶೇರ್ಡ್ ಲೈಬ್ರರೀಸ್’ ಎಂದು ಬಂದರೆ ಕಟ್ಟುವ ಕೆಲಸ ಮುಗಿದಿದೆ. ಆಗ ಡೆವ್ ಪೊಟ್ಟಣಗಳನ್ನು ಹುಡುಕುತ್ತ ಕೂರುವುದು ದಂಡ.

ಕಟ್ಟುವ ಮೊದಲು ಯಂತ್ರದಲ್ಲಿ ಏನೇನಿದೆ ಎಂದು ಪರೀಕ್ಷಿಸುವ ಕಾನ್ಫಿಗರ್ ಹಂತ ಮಾತ್ರ ಸ್ವಲ್ಪ ಮೋಸದ್ದು. ಅದು ‘ನಾಟ್ ಫೌಂಡ್’ ಎಂದರೆ ಲೈಬ್ರರಿ ಇಲ್ಲ ಎಂದೇ ಅರ್ಥವಲ್ಲ. ಅದು ನಾಲ್ಕು ಸಾಲಿನ ಪುಟ್ಟ ಸಿ ಪ್ರೋಗ್ರಾಂ ಬರೆದು ಕಂಪೈಲ್ ಮಾಡಿ ನೋಡುತ್ತದೆ. ಆ ಪ್ರೋಗ್ರಾಂ ಯಾವ ಕಾರಣಕ್ಕೆ ಬಿದ್ದರೂ ‘ನಾಟ್ ಫೌಂಡ್’. ನಿಜವಾದ ಕಾರಣ ಕಾನ್ಫಿಗ್ ಡಾಟ್ ಲಾಗ್ ಫೈಲಿನಲ್ಲಿರುತ್ತದೆ. ಅದರ ಕೊನೆಯಿಂದ ಓದಬೇಡಿ, ಅಲ್ಲಿ ನೂರಾರು ಸಾಲು ವೇರಿಯಬಲ್‌ಗಳ ಪಟ್ಟಿಯೇ ತುಂಬಿರುತ್ತದೆ. ಪರದೆಯ ಮೇಲೆ ಕೊನೆಗೆ ಕಂಡ ‘ಚೆಕಿಂಗ್ ಫಾರ್’ ಸಾಲನ್ನೇ ಲಾಗ್‌ನಲ್ಲಿ ಹುಡುಕಿ. ಅದರ ಕೆಳಗೆ ಓಡಿಸಿದ ಆಜ್ಞೆ, ಜಿಸಿಸಿ ಎಂಬ ಕಂಪೈಲರ್‌ನ ಉತ್ತರ, ಆ ಪುಟ್ಟ ಪ್ರೋಗ್ರಾಂ ಮೂರೂ ಸಾಲಾಗಿ ಇರುತ್ತವೆ. ಕೇಳಿದ ಲೈಬ್ರರಿ ಸರಿಯಿದ್ದು, ಅದು ನೆಚ್ಚಿಕೊಂಡ ಇನ್ನೊಂದು ಇಲ್ಲದಿರುವುದು ಅಲ್ಲಿ ಕಣ್ಣಿಗೆ ಬೀಳುತ್ತದೆ.

ಪೊಟ್ಟಣದ ಹೆಸರನ್ನು ಊಹಿಸಬೇಡಿ. ಡೇಟಾ ಕುಗ್ಗಿಸುವ ಝಡ್‌ಲಿಬ್ ಲೈಬ್ರರಿಯ ಹೆಡರ್ ಇರುವ ಪೊಟ್ಟಣದ ಹೆಸರು ಝಡ್‌ಲಿಬ್1ಜಿ-ಡೆವ್, ಇದನ್ನು ಯಾರು ತಾನೇ ಊಹಿಸಬಲ್ಲರು? ಯಾವ ಫೈಲ್ ಯಾವ ಪೊಟ್ಟಣದಲ್ಲಿದೆ ಎಂದು ಹೇಳುವ ಆಪ್ಟ್-ಫೈಲ್ ಹಾಕಿ, ಒಮ್ಮೆ ಅಪ್‌ಡೇಟ್ ಮಾಡಿ, ಸಿಗದ ಫೈಲಿನ ಹೆಸರನ್ನು ಸರ್ಚ್‌ಗೆ ಕೊಡಿ. ಫೆಡೋರಾದಲ್ಲಿ ಡಿಎನ್‌ಎಫ್ ಪ್ರೊವೈಡ್ಸ್ ಇದೇ ಕೆಲಸ ಮಾಡುತ್ತದೆ. ದೂರು ಪಿಸಿ ಫೈಲ್‌ಗಳನ್ನು ಓದುವ ಪಿಕೆಜಿ-ಕಾನ್ಫಿಗ್‌ನಿಂದ ಬಂದಿದ್ದರೆ ಡಾಟ್ ಪಿಸಿ ಫೈಲಿನ ಹೆಸರನ್ನೇ ಹುಡುಕಿ. ಅಂದ ಹಾಗೆ, ಪಿಕೆಜಿ-ಕಾನ್ಫಿಗ್ ಇಲ್ಲದ ಯಂತ್ರದಲ್ಲಿ ಕಾನ್ಫಿಗರ್ ಸ್ಕ್ರಿಪ್ಟ್ ಬರೆದುಕೊಡುವ ಆಟೋಕಾನ್ಫ್ ಓಡಿಸಿದರೆ ಆ ಸ್ಕ್ರಿಪ್ಟ್ ‘ಸಿಂಟ್ಯಾಕ್ಸ್ ಎರರ್’ ಎಂದು ಸಾಯುವುದುಂಟು. ಸ್ಕ್ರಿಪ್ಟೇ ಕೆಟ್ಟಿದೆ ಎಂದುಕೊಂಡು ಅದನ್ನು ತಿದ್ದಲು ಹೋಗಬೇಡಿ.

ಪೈಥಾನ್ 3.12 ಅನ್ನು ಸೋರ್ಸ್‌ನಿಂದ ಕಟ್ಟಿ ನೋಡಿ. ಝಡ್‌ಲಿಬ್ ಬಿಟ್ಟುಹೋಗಿದ್ದರೆ ಮೇಕ್ ಇನ್‌ಸ್ಟಾಲ್ (ಕಟ್ಟಿದ್ದನ್ನು ಯಂತ್ರಕ್ಕೆ ಹಾಕುವ ಆಜ್ಞೆ) ಕೊನೆಯ ಗಳಿಗೆಯಲ್ಲಿ ಪೈಥಾನ್‌ನ ಪೊಟ್ಟಣ ಇಳಿಸಿಕೊಡುವ ಪಿಪ್ ಹಾಕಲು ಹೋಗಿ ಮುಗ್ಗರಿಸುತ್ತದೆ. ಓಪನ್‌ಎಸ್‌ಎಸ್‌ಎಲ್ ಬಿಟ್ಟುಹೋಗಿದ್ದರೆ ಮುಗ್ಗರಿಸುವುದೂ ಇಲ್ಲ. ಎಲ್ಲ ಸುಸೂತ್ರ ಮುಗಿದಂತೆ ಕಂಡು, ಮರುದಿನ ಪಿಪ್ ಏನನ್ನೂ ಇಳಿಸಿಕೊಳ್ಳದೆ ಕೂರುತ್ತದೆ. ಎಚ್ಚರಿಕೆ ಬಂದಿರಲಿಲ್ಲವೆಂದಲ್ಲ. ಕಟ್ಟುವ ಆಜ್ಞೆಯಾದ ಮೇಕ್‌ನ ಕೊನೆಯಲ್ಲಿ ‘ನೆಸೆಸರಿ ಬಿಟ್ಸ್... ನಾಟ್ ಫೌಂಡ್’ ಎಂದು ಕಟ್ಟಲಾಗದ ಮಾಡ್ಯೂಲ್‌ಗಳ ಪಟ್ಟಿ ಬಂದಿರುತ್ತದೆ. ಯಾರೂ ಓದುವುದಿಲ್ಲ, ಅಷ್ಟೇ. ಇವೆರಡರ ಜೊತೆ ಲಿಬ್‌ಎಫ್‌ಎಫ್‌ಐ, ಬಿಝಡ್2, ಎಲ್‌ಝಡ್‌ಎಂಎ, ಎಸ್‌ಕ್ಯೂಲೈಟ್3, ರೀಡ್‌ಲೈನ್ ಇವುಗಳ ಡೆವ್ ಪೊಟ್ಟಣಗಳನ್ನೂ ಹಾಕಿ. ಆಮೇಲೆ ಬರೀ ಮೇಕ್ ಸಾಲದು, ಕಾನ್ಫಿಗರ್ ಅನ್ನೂ ಮತ್ತೆ ಓಡಿಸಬೇಕು. ಆವೃತ್ತಿಯೂ ಮುಖ್ಯ: ಪೈಥಾನ್ 3.10ರಿಂದ ಈಚೆಗೆ ಓಪನ್‌ಎಸ್‌ಎಸ್‌ಎಲ್ 1.1.1 ಅಥವಾ ಹೊಸತೇ ಬೇಕು. ಹಳೆಯ ಸೆಂಟ್‌ಒಎಸ್ 7ರಲ್ಲಿ ಡೆವೆಲ್ ಪೊಟ್ಟಣ ಹಾಕಿಯೂ ಎಸ್‌ಎಸ್‌ಎಲ್ ಬಾರದಿರುವುದು ಈ ಕಾರಣಕ್ಕೆ; ಅಲ್ಲಿ ಇರುವುದು 1.0.2.

ಕಾನ್ಫಿಗರ್ ಬದಲು ಕೆಲವರು ಬಳಸುವ ಸಿಮೇಕ್‌ನ ರೋಗ ಬೇರೆ. ಒಮ್ಮೆ ತಪ್ಪು ಲೈಬ್ರರಿ ಸಿಕ್ಕಿತೋ, ಆ ವಿಳಾಸ ಅದರ ಕ್ಯಾಶ್‌ನಲ್ಲಿ (ನೆನಪಿನ ಫೈಲಿನಲ್ಲಿ) ಕೂತುಬಿಡುತ್ತದೆ. ತನ್ನದೇ ಲೈಬ್ರರಿಗಳೊಡನೆ ಬರುವ ಅನಕೊಂಡಾ ಎಂಬ ಪೈಥಾನ್ ಕಟ್ಟು ಹಾಕಿಕೊಂಡವರಿಗೆ ಈ ಕಾಟ ಹೆಚ್ಚು. ಬಿಲ್ಡ್ ಫೋಲ್ಡರ್ ಅಳಿಸಿ ಹೊಸದಾಗಿ ಶುರು ಮಾಡಿ; ಸಿಮೇಕ್ 3.24ರಿಂದ ಈಚಿನದಾದರೆ ಮೈನಸ್ ಮೈನಸ್ ಫ್ರೆಶ್ ಎಂದರೆ ಸಾಕು.

‘ಅನ್‌ಡಿಫೈನ್ಡ್ ರೆಫರೆನ್ಸ್’ ಬಂದರೆ ಲೈಬ್ರರಿಯ ಹೆಸರು ಆಜ್ಞೆಯಲ್ಲಿ ಎಲ್ಲಿದೆ ನೋಡಿ. ಲಿಂಕರ್ ಎಡದಿಂದ ಬಲಕ್ಕೆ ಓದುತ್ತದೆ, ಆದ್ದರಿಂದ ಲೈಬ್ರರಿ ಅದನ್ನು ಬಳಸುವ ಆಬ್ಜೆಕ್ಟ್ ಫೈಲಿನ (ಕಂಪೈಲ್ ಆದ ತುಂಡಿನ) ನಂತರ ಬರಬೇಕು. ದೂರಿನಲ್ಲಿ ‘ಸಿಎಕ್ಸ್‌ಎಕ್ಸ್11’ ಎಂಬ ಅಕ್ಷರಗಳು ಕಂಡರೆ, ಜಿಸಿಸಿ 5ರ ಹಿಂದಿನ ಮತ್ತು ಮುಂದಿನ ಸಿ++ ಲೈಬ್ರರಿಗಳು ಬೆರೆತಿರುವ ಸಂಭವ ಹೆಚ್ಚು. ಎರಡನ್ನೂ ಒಂದೇ ಕಂಪೈಲರ್‌ನಿಂದ ಮತ್ತೆ ಕಟ್ಟಿ.

ಓಡುವಾಗಿನ ದೂರಿಗೆ ಮದ್ದು ಎಲ್‌ಡಿಡಿ. ಪ್ರೋಗ್ರಾಂ ಮೇಲೆ ಅದನ್ನು ಓಡಿಸಿದರೆ ಯಾವ ಲೈಬ್ರರಿ ಎಲ್ಲಿಂದ ಬರುತ್ತಿದೆ, ಯಾವುದು ಸಿಗುತ್ತಿಲ್ಲ ಎಲ್ಲ ತಿಳಿಯುತ್ತದೆ. ನೀವೇ ಕಟ್ಟಿ ಯೂಸರ್ ಲೋಕಲ್‌ಗೆ ಹಾಕಿದ್ದಾದರೆ ಲೈಬ್ರರಿಗಳ ಪಟ್ಟಿಯನ್ನು ಹೊಸದು ಮಾಡುವ ಎಲ್‌ಡಿಕಾನ್ಫಿಗ್ ಅನ್ನು ಸುಡೋ (ನಿರ್ವಾಹಕನ ಅಧಿಕಾರ ಕೊಡುವ ಆಜ್ಞೆ) ಹಚ್ಚಿ ಒಮ್ಮೆ ಓಡಿಸಿ. ಉಬುಂಟುವಿಗೆ ಅಷ್ಟು ಸಾಕು. ಫೆಡೋರಾ ಆ ದಾರಿಯನ್ನು ತಾನಾಗಿ ನೋಡುವುದಿಲ್ಲ, ಎಲ್‌ಡಿ ಡಾಟ್ ಎಸ್‌ಒ ಡಾಟ್ ಕಾನ್ಫ್ ಡಾಟ್ ಡಿ ಫೋಲ್ಡರ್‌ನಲ್ಲಿ ಬರೆದುಕೊಡಬೇಕು. ಎಸ್‌ಒ ಡಾಟ್ 1 ಕೇಳಿದರೆ ಎಸ್‌ಒ ಡಾಟ್ 3ಕ್ಕೆ ಕೊಂಡಿ ಹಾಕಿ ಸಮಾಧಾನ ಮಾಡುವ ಚಾಳಿ ಮಾತ್ರ ಬಿಡಿ. ಆ ಸಂಖ್ಯೆ ಬದಲಾಗುವುದೇ ಹಳೆಯದರೊಂದಿಗೆ ಹೊಂದುವುದಿಲ್ಲ ಎಂದು ಸಾರುವುದಕ್ಕೆ. ಪ್ರೋಗ್ರಾಂ ಶುರುವಾದರೂ ನಡುವೆ ಎಲ್ಲೋ ಕುಸಿಯುತ್ತದೆ, ಇಲ್ಲವೇ ತಪ್ಪು ಉತ್ತರ ಕೊಡುತ್ತದೆ.

ಸುಡೋ ಇಲ್ಲದವರ ಪಾಡು ಇನ್ನೊಂದು. ಐಸರ್ ಪುಣೆ ಎಂಬ ವಿಜ್ಞಾನ ಸಂಸ್ಥೆಯ ಸೂಪರ್‌ಕಂಪ್ಯೂಟರ್ ಪರಮ್ ಬ್ರಹ್ಮದಂಥ ಕ್ಲಸ್ಟರ್‌ಗಳಲ್ಲಿ (ಜೋಡಿಸಿದ ಯಂತ್ರಗಳ ಗುಂಪುಗಳಲ್ಲಿ) ಬಳಕೆದಾರರಿಗೆ ರೂಟ್ ಅಧಿಕಾರ ಇರುವುದಿಲ್ಲ. ಮೊದಲು ಅಲ್ಲಿರುವ ಸಾಫ್ಟ್‌ವೇರ್‌ಗಳ ಪಟ್ಟಿ ತೋರಿಸುವ ಮಾಡ್ಯೂಲ್ ಅವೇಲ್ ಓಡಿಸಿ, ಬೇಕಾದ್ದು ಆಗಲೇ ಇರಬಹುದು. ಇಲ್ಲವಾದರೆ ಪ್ರಿಫಿಕ್ಸ್ (ಎಲ್ಲಿ ಹಾಕಬೇಕೆಂಬ ದಾರಿ) ಆಗಿ ನಿಮ್ಮ ಹೋಮ್‌ನ ಒಂದು ಫೋಲ್ಡರ್ ಕೊಟ್ಟು ಕಟ್ಟಿ, ಪಿಕೆಜಿ-ಕಾನ್ಫಿಗ್ ಪಾಥ್‌ಗೆ ಆ ದಾರಿ ಸೇರಿಸಿ. ಓಪನ್‌ಎಸ್‌ಎಸ್‌ಎಲ್ 3 ಅನ್ನು 64 ಬಿಟ್ ಲಿನಕ್ಸ್‌ನಲ್ಲಿ ಹೀಗೆ ಕಟ್ಟಿದರೆ ಅದು ಲಿಬ್ ಬಿಟ್ಟು ಲಿಬ್64ರೊಳಗೆ ಹೋಗಿ ಕೂರುತ್ತದೆ; ಆ ದಾರಿಯನ್ನೂ ಕೊಡಿ. ಲಿಂಕ್ ಮಾಡುವಾಗಲೇ ಆರ್‌ಪಾಥ್ (ಲೈಬ್ರರಿ ಹುಡುಕುವ ದಾರಿ) ಪ್ರೋಗ್ರಾಂ ಒಳಗೇ ಬರೆದುಬಿಟ್ಟರೆ ಪ್ರತಿ ಸಲ ಎಲ್‌ಡಿ ಲೈಬ್ರರಿ ಪಾಥ್ ಹೊಂದಿಸುವ ರಗಳೆ ಇರುವುದಿಲ್ಲ. ನೀವು ಒಳಬರುವ ಯಂತ್ರವಾದ ಲಾಗಿನ್ ನೋಡ್‌ನಲ್ಲಿ ಓಡಿದ್ದು ಜಾಬ್ (ಸರದಿಗೆ ಕಳಿಸುವ ಕೆಲಸ) ಹಾಕಿದಾಗ ಬಿದ್ದರೆ, ಜಾಬ್ ಸ್ಕ್ರಿಪ್ಟ್‌ನಲ್ಲೇ ಒಂದು ಸಾಲು ಎಲ್‌ಡಿಡಿ ಸೇರಿಸಿ ಕಳಿಸಿ. ಜಾಬ್ ಓಡುವ ಕಂಪ್ಯೂಟ್ ನೋಡ್‌ಗೆ ಏನು ಕಾಣಿಸುತ್ತಿಲ್ಲ ಎಂಬುದು ಔಟ್‌ಪುಟ್ ಫೈಲಿನಲ್ಲಿ ಬಂದಿರುತ್ತದೆ.