ಡಾಂಬರಿನಡಿಯ ನೀರು

ಆಷಾಢದ ಮಳೆ ತುಸು ಬಿಡುವು ಕೊಟ್ಟಾಗ, ಸಕಲೇಶಪುರದ ಆಸುಪಾಸಿನ ಯಾವುದಾದರೂ ಡಾಂಬರು ರಸ್ತೆಯ ಬದಿಯಲ್ಲಿ ನಿಂತು ಬಿರುಕು ಬಿಟ್ಟ ಜಾಗವೊಂದನ್ನು ಗಮನವಿಟ್ಟು ನೋಡಬೇಕು. ಲಾರಿಯ ಹಿಂಗಾಲಿ ಹಾಯ್ದ ಕ್ಷಣದಲ್ಲಿ ಬಿರುಕಿನಿಂದ ಕೆಂಪು ನೀರು ಪಿಚಕಾರಿಯಂತೆ ಚಿಮ್ಮುತ್ತದೆ. ಗಾಲಿ ದಾಟಿದೊಡನೆ ಸುತ್ತಲಿನ ನೀರು ಮತ್ತೆ ಒಳಕ್ಕಿಳಿಯುತ್ತದೆ. ಆ ಕೆಂಪು, ರಸ್ತೆಯ ಅಡಿಪಾಯದಿಂದ ಕದಡಿ ಬಂದ ಮಣ್ಣಿನದು. ಪ್ರತಿಯೊಂದು ಗಾಲಿಯೂ ಚಿಟಿಕೆಯಷ್ಟು ಮಣ್ಣನ್ನು ಹೊರಹಾಕುತ್ತಾ ಹೋದಂತೆ ಡಾಂಬರಿನಡಿ ಪೊಳ್ಳಾಗಿ, ಆಸರೆ ಕಳೆದುಕೊಂಡ ಮೇಲ್ಪದರ ಒಂದು ದಿನ ಕುಸಿಯುತ್ತದೆ. ಗುಂಡಿ ನಮ್ಮ ಕಣ್ಣಿಗೆ ಬೀಳುವುದು ಅಂದು. ಹುಟ್ಟಿದ್ದು ಮಾತ್ರ ವಾರಗಳ ಹಿಂದೆ.

ಚಳಿದೇಶಗಳಲ್ಲಿ ಬಿರುಕಿನ ನೀರು ಹೆಪ್ಪುಗಟ್ಟಿ, ಸುಮಾರು ಶೇ. 9ರಷ್ಟು ಹಿಗ್ಗಿ ರಸ್ತೆಯನ್ನು ಸೀಳುತ್ತದೆ. ನಮ್ಮಲ್ಲಿ ಅದರ ಅಗತ್ಯವೇ ಇಲ್ಲ, ನೀರಿನ ಜೊತೆ ಭಾರ ಸೇರಿದರೆ ಸಾಕು. ಜಲ್ಲಿಯ ಮೈಗೆ ಡಾಂಬರಿಗಿಂತ ನೀರೇ ಹೆಚ್ಚು ಒಗ್ಗುವುದರಿಂದ, ನಿಂತ ನೀರು ಕಲ್ಲಿಗಂಟಿದ ಡಾಂಬರಿನ ಪೊರೆಯನ್ನೂ ಮೆಲ್ಲಗೆ ಬಿಡಿಸುತ್ತದೆ. ರಸ್ತೆಯ ದಪ್ಪಕ್ಕಿಂತ ಅದರ ಬದಿಯ ಚರಂಡಿಯೇ ಮುಖ್ಯವೆಂದು ನಾನು ನಂಬುವುದು ಇದಕ್ಕಾಗಿಯೇ. ಗುಂಡಿಗೆ ಮಣ್ಣು, ಜಲ್ಲಿ ಸುರಿದು ಹೋಗುವುದು ದುರಸ್ತಿಯಲ್ಲ. ಗಟ್ಟಿ ಡಾಂಬರು ಸಿಗುವವರೆಗೆ ಅಂಚನ್ನು ನೇರವಾಗಿ ಕತ್ತರಿಸಿ, ನೀರನ್ನೂ ಸಡಿಲ ಕಲ್ಲುಗಳನ್ನೂ ತೆಗೆದು, ಒಳಮೈಗೆ ತೆಳುವಾಗಿ ಡಾಂಬರು ಸವರಿ, ಬಿಸಿ ಮಿಶ್ರಣ ತುಂಬಿ ರೋಲರ್‌ನಿಂದ ಅದುಮಿದರೆ ಮಾತ್ರ ತೇಪೆ ನಿಲ್ಲುತ್ತದೆ.

ಭಾರದ ಲೆಕ್ಕ ಇನ್ನೂ ಕಠೋರವಾದದ್ದು. ಅಮೆರಿಕದ ಇಲಿನಾಯ್ ರಾಜ್ಯದ ಒಟ್ಟಾವಾ ಬಳಿ 1958ರಿಂದ 1960ರವರೆಗೆ ನಡೆದ ರಸ್ತೆ ಪರೀಕ್ಷೆಯ ಪ್ರಕಾರ, ರಸ್ತೆಗಾಗುವ ಹಾನಿ ಆಕ್ಸಲ್ (ಎರಡು ಬದಿಯ ಗಾಲಿಗಳನ್ನು ಹೊತ್ತ ಅಚ್ಚು) ಮೇಲಿನ ಭಾರದ ಸುಮಾರು ನಾಲ್ಕನೆಯ ಘಾತಕ್ಕೆ ಅನುಗುಣವಾಗಿ ಏರುತ್ತದೆ: ಭಾರ ಇಮ್ಮಡಿಯಾದರೆ ಹಾನಿ 16 ಪಟ್ಟು. ಭಾರತದಲ್ಲಿ ನಾಲ್ಕು ಟೈರುಗಳ ಒಂಟಿ ಆಕ್ಸಲ್‌ನ ಮಿತಿಯನ್ನು 2018ರಲ್ಲಿ 10.2 ಟನ್ನಿನಿಂದ 11.5 ಟನ್ನಿಗೆ ಏರಿಸಲಾಯಿತು. ಭಾರ ಹೆಚ್ಚಿದ್ದು ಶೇ. 13ರಷ್ಟಾದರೂ, ಈ ಸೂತ್ರದಂತೆ ಹಾನಿ ಹೆಚ್ಚುವುದು ಶೇ. 60ರಷ್ಟು. ಭಾರಿ ಮಳೆಯೂ ಭಾರಿ ಲಾರಿಗಳೂ ಸಂಧಿಸುವ ಶಿರಾಡಿ ಘಾಟಿಯಲ್ಲಿ, ಅದೇ 2018ರಲ್ಲಿ, ತಿಂಗಳುಗಟ್ಟಲೆ ಸಂಚಾರ ನಿಲ್ಲಿಸಿ ಕಾಂಕ್ರೀಟ್ ಹಾಕಬೇಕಾಯಿತು.

ಇನ್ನು ಕಾರಿನ ಮಾತು. ಗುಂಡಿಯ ಮೇಲೆ ಬಂದ ಚಕ್ರವನ್ನು ಕೆಳಕ್ಕೆ ತಳ್ಳುವುದು ಗುರುತ್ವಕ್ಕಿಂತ ಹೆಚ್ಚಾಗಿ, ಕಾರಿನ ಭಾರಕ್ಕೆ ಅದುಮಿ ಕುಳಿತಿದ್ದ ಸ್ಪ್ರಿಂಗ್. ವೇಗ ಹೆಚ್ಚಿದ್ದರೆ ಸಣ್ಣ ಗುಂಡಿಯಲ್ಲಿ ಚಕ್ರಕ್ಕೆ ಪೂರ್ತಿ ಇಳಿಯಲು ಹೊತ್ತು ಸಿಗುವುದಿಲ್ಲ. ಜೋರಾಗಿ ಹೋದರೆ ಗುಂಡಿ ಗೊತ್ತಾಗುವುದಿಲ್ಲವೆಂಬ ಮಾತು ಹುಟ್ಟಿದ್ದು ಹೀಗೆ. ಆದರೆ ಅಗಲವಾದ ಗುಂಡಿಯಲ್ಲಿ ಚಕ್ರ ಇಳಿದೇ ಇಳಿಯುತ್ತದೆ, ಆಚೆಯ ಅಂಚು ಅದನ್ನು ಎದುರಿನಿಂದ ಬಡಿಯುತ್ತದೆ. ಚಲನಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ, ಗಂಟೆಗೆ 60 ಕಿ.ಮೀ. ವೇಗದ ಕಾರಿನಲ್ಲಿ 30 ಕಿ.ಮೀ. ವೇಗದಲ್ಲಿರುವುದರ ನಾಲ್ಕು ಪಟ್ಟು ಶಕ್ತಿ ಇರುತ್ತದೆ.

ಆದ್ದರಿಂದ ಬ್ರೇಕ್ ಹಾಕಬೇಕಾದದ್ದು ಗುಂಡಿಗಿಂತ ಮೊದಲು. ಚಕ್ರ ಇಳಿಯುವ ಹೊತ್ತಿಗೆ ಕಾಲು ತೆಗೆದಿರಬೇಕು. ಬ್ರೇಕ್ ಒತ್ತಿದಾಗ ಕಾರಿನ ಮೂಗು ಬಾಗಿ, ಮುಂದಿನ ಸ್ಪ್ರಿಂಗ್ ಆಗಲೇ ಕುಗ್ಗಿರುತ್ತದೆ; ಪೆಟ್ಟು ನುಂಗಲು ಅದಕ್ಕೆ ಎಡೆಯೇ ಉಳಿದಿರುವುದಿಲ್ಲ. ಥಟ್ಟನೆ ಸ್ಟೇರಿಂಗ್ ತಿರುಗಿಸುವುದು ಇನ್ನೂ ಅಪಾಯಕರ, ಪಕ್ಕದಲ್ಲಿ ಬೈಕ್ ಸವಾರರಿರಬಹುದು. ನೀರು ತುಂಬಿದ ಗುಂಡಿಯ ಆಳ ತಿಳಿಯದು, ಅದನ್ನು ಆಳವೆಂದೇ ಎಣಿಸಿ ನಿಧಾನವಾಗಿ ದಾಟಬೇಕು.

ಟೈರಿನ ಮೇಲಿನ ಅಂಕಿಗಳನ್ನೂ ಓದಿ ನೋಡಿ. 205/55 ಎಂದಿದ್ದರೆ ಟೈರಿನ ಅಗಲ 205 ಮಿ.ಮೀ., ಪಕ್ಕದ ಗೋಡೆಯ ಎತ್ತರ ಅದರ ಶೇ. 55, ಅಂದರೆ ಸುಮಾರು 113 ಮಿ.ಮೀ.; 165/80ರಲ್ಲಿ ಅದು 132 ಮಿ.ಮೀ. ರಿಮ್ಮಿಗೂ ಗುಂಡಿಯ ಅಂಚಿಗೂ ನಡುವೆ ಇರುವ ಮೆತ್ತೆ ಅಷ್ಟೇ. ಅಂದಕ್ಕೆಂದು ದೊಡ್ಡ ರಿಮ್, ತೆಳು ಟೈರ್ ಹಾಕಿಸುವುದು ನಮ್ಮ ರಸ್ತೆಗಳಿಗೆ ಸಲ್ಲದು. ಗಾಳಿ ಕಡಿಮೆಯಿದ್ದರೆ ಈ ಮೆತ್ತೆಯೂ ಕುಸಿಯುತ್ತದೆ. ಚಾಲಕನ ಬಾಗಿಲ ಬಳಿಯ ಚೀಟಿಯಲ್ಲಿರುವಷ್ಟು ಗಾಳಿಯನ್ನು ಟೈರ್ ತಣ್ಣಗಿರುವಾಗ ತುಂಬಿಸಬೇಕು.

ದೊಡ್ಡ ಪೆಟ್ಟು ಬಿದ್ದ ಮೇಲೆ ನೇರ ರಸ್ತೆಯಲ್ಲಿ ಕಾರು ಒಂದು ಬದಿಗೆ ಎಳೆದರೆ ಅಲೈನ್‌ಮೆಂಟ್, ಅಂದರೆ ಚಕ್ರಗಳ ನೇರ, ತಪ್ಪಿರಬಹುದು. ಸ್ಟೇರಿಂಗ್ ನಡುಗಿದರೆ ರಿಮ್ ಸೊಟ್ಟಗಾಗಿರಬಹುದು. ಶಾಕ್ ಅಬ್ಸಾರ್ಬರ್ ಮೇಲೆ ಎಣ್ಣೆ ಜಿನುಗಿದ್ದರೆ ಅದರ ಸೀಲ್ ಹೋಗಿದೆ. ಟೈರಿನ ಪಕ್ಕದ ಗೋಡೆಯನ್ನು, ಮುಖ್ಯವಾಗಿ ಕಣ್ಣಿಗೆ ಕಾಣದ ಒಳಬದಿಯನ್ನು, ಕೈಯಾಡಿಸಿ ನೋಡಬೇಕು. ಬೆರಳಿಗೆ ನಿಂಬೆಹಣ್ಣಿನ ಹೋಳಿನಂಥ ಉಬ್ಬು ಸಿಕ್ಕಿದರೆ ಒಳಗಿನ ನೂಲುಗಳು ಹರಿದು, ಗಾಳಿಯನ್ನು ತಡೆದಿರುವುದು ಬರೀ ರಬ್ಬರ್ ಎಂದರ್ಥ. ಅಂಥ ಟೈರಿಗೆ ಪಂಕ್ಚರ್ ಅಂಗಡಿಯಲ್ಲಿ ಮದ್ದಿಲ್ಲ. ಅಲ್ಲೇ ಸ್ಟೆಪ್ನಿ ಹಾಕಿಕೊಂಡು ಮುಂದೆ ಹೋಗಬೇಕು.