ಹೇಳಿದ್ಮೇಲೆ ಮಾಡಿದ್ರೆ ಅದೇನು ಪ್ರೀತಿ?

ಕೌನ್ಸೆಲಿಂಗ್‌ಗೆ ಬರೋ ಗಂಡ ಹೆಂಡ್ತಿ ಮೊದಲ ದಿನ ಹೇಳೋದೆಲ್ಲ ದುಡ್ಡು, ಅತ್ತೆಮನೆ, ಮೊಬೈಲು, ಹಬ್ಬಕ್ಕೆ ಯಾರ ಊರಿಗೆ ಹೋಗೋದು, ಇಂಥವೇ. ಎರಡು ಮೂರು ಸಲ ಬಂದು ಹೋದ್ಮೇಲೆ, ಒಬ್ರು ಕೆಳಗೆ ಗಾಡಿ ತೆಗೆಯೋಕೆ ಹೋಗಿರ್ತಾರೆ, ಇನ್ನೊಬ್ರು ಬಾಗಿಲ ಹತ್ರ ಚಪ್ಪಲಿ ಹಾಕ್ಕೊಳ್ತಾ ಮೆಲ್ಲಗೆ ಕೇಳ್ತಾರೆ, "ಮೇಡಂ, ನಮ್ಮದು ನಿಜವಾದ ಪ್ರೀತಿ ಆಗಿದ್ರೆ ಇಷ್ಟೊಂದು ಜಗಳ ಆಗ್ತಿತ್ತಾ?" ನನಗೆ ಅಸಲಿ ಕೆಲಸ ಶುರುವಾಗೋದೇ ಈ ಪ್ರಶ್ನೆಯಿಂದ. ದುಡ್ಡಿನ ಜಗಳ ಆದ್ರೆ ಕೂತು ಲೆಕ್ಕ ಹಾಕಿ ಒಂದು ದಾರಿಗೆ ತರ್ಬೋದು, ಆದ್ರೆ ಅದೇ ಜಗಳಕ್ಕೆ "ಹಾಗಾದ್ರೆ ಇವನಿಗೆ ನನ್ನ ಮೇಲೆ ಪ್ರೀತಿನೇ ಇಲ್ಲ" ಅಂತ ಒಳಗೊಳಗೇ ತೀರ್ಪು ಬರೆದಿಟ್ಕೊಂಡಿದ್ರೆ ಯಾವ ಲೆಕ್ಕಾನೂ ತಾಳೆ ಆಗಲ್ಲ.

ಪ್ರೀತಿ ಅಂದ್ರೆ ಹೀಗೇ ಇರ್ಬೇಕು ಅನ್ನೋ ಒಂದು ಚಿತ್ರ ಪ್ರತಿಯೊಬ್ಬರ ತಲೇಲೂ ಇರುತ್ತೆ. ಸಿನಿಮಾದಿಂದ ಸ್ವಲ್ಪ, ರೀಲ್ಸ್‌ನಿಂದ ಸ್ವಲ್ಪ, ಅಪ್ಪ ಅಮ್ಮ ಇದ್ದ ರೀತಿ ನೋಡಿ ಬಹಳಷ್ಟು. ತೊಂದರೆ ಏನಂದ್ರೆ ಇದು ನಂಬಿಕೆ ಅಂತ ಯಾರಿಗೂ ಅನಿಸಲ್ಲ, ಲೋಕದ ನಿಯಮ ಅಂತಲೇ ಅಂದ್ಕೊಂಡಿರ್ತಾರೆ. ಐಡೆಲ್ಸನ್ ಮತ್ತೆ ಎಪ್ಸ್ಟೀನ್ ಅನ್ನೋ ಇಬ್ರು ಮನಶ್ಶಾಸ್ತ್ರಜ್ಞರು 1982ರಲ್ಲಿ ಇಂಥ ನಂಬಿಕೆಗಳನ್ನ ಅಳೆಯೋಕೆ ಅಂತಲೇ ಒಂದು ಪ್ರಶ್ನಾವಳಿ ಮಾಡಿದ್ರು. ಸಂಬಂಧ ಕೆಡಿಸೋ ಐದು ನಂಬಿಕೆ ಅದರಲ್ಲಿವೆ: ಭಿನ್ನಾಭಿಪ್ರಾಯ ಬಂದ್ರೆ ಸಂಬಂಧ ಮುಗೀತು ಅನ್ನೋದು, ಹೇಳದೇನೇ ಮನಸ್ಸು ಅರ್ಥ ಆಗ್ಬೇಕು ಅನ್ನೋದು, ಸಂಗಾತಿ ಬದಲಾಗೋದೇ ಇಲ್ಲ ಅನ್ನೋದು, ಲೈಂಗಿಕ ಜೀವನದಲ್ಲಿ ಎಲ್ಲಾ ಪರ್ಫೆಕ್ಟ್ ಆಗಿರ್ಬೇಕು ಅನ್ನೋದು, ಗಂಡು ಹೆಣ್ಣು ಮೂಲದಲ್ಲೇ ಬೇರೆ ಜಾತಿ ಅನ್ನೋದು. ಈ ಐದರಲ್ಲಿ ನನ್ನ ರೂಮಲ್ಲಿ ಅತಿ ಹೆಚ್ಚು ಕಣ್ಣೀರು ಹಾಕ್ಸೋದು ಎರಡನೇದು, ಅದರಲ್ಲಿ ನನಗೆ ಅನುಮಾನವೇ ಇಲ್ಲ.

ಒಂದು ಜೋಡಿ ಬಗ್ಗೆ ಹೇಳ್ತೀನಿ, ಗುರುತು ಸಿಗದ ಹಾಗೆ ವಿವರ ಬದಲಾಯಿಸಿದೀನಿ. ಲವ್ ಮ್ಯಾರೇಜ್, ಕಾಲೇಜಿನಿಂದ ಪರಿಚಯ. ಹೆಂಡ್ತಿಗೆ ರಾತ್ರಿಯಿಡೀ ಜ್ವರ. ಬೆಳಿಗ್ಗೆ ಗಂಡ ಶರ್ಟಿಗೆ ಇಸ್ತ್ರಿ ಹಾಕ್ತಾ "ಹೆಂಗಿದೆ ಈಗ?" ಅಂತ ಕೇಳಿದಾನೆ. ಇವಳು "ಪರವಾಗಿಲ್ಲ, ನೀನು ಹೊರಡು" ಅಂದಿದಾಳೆ. ಅವನು ಮಾತ್ರೆ ಇದೆಯಾ ಅಂತ ಡಬ್ಬಿ ತೆಗೆದು ನೋಡಿ, ನೀರಿನ ಬಾಟ್ಲಿ ಮಂಚದ ಪಕ್ಕ ಇಟ್ಟು, ಬಾಗಿಲು ಎಳ್ಕೊಂಡು ಆಫೀಸಿಗೆ ಹೋಗಿದಾನೆ. ಇಷ್ಟೇ ನಡೆದದ್ದು. ತಿಂಗಳುಗಳಾದ್ಮೇಲೆ ನನ್ನ ಮುಂದೆ ಕೂತು ಅದೇ ವಿಷಯ.

"ಪರವಾಗಿಲ್ಲ ಅಂದೆಯಲ್ಲ ನೀನೇ?"

"ಅಂದೆ. ಅಂದ್ರೆ ಹೊರಟೇ ಬಿಡೋದಾ?"

"ಇರು ಅಂದಿದ್ರೆ ರಜೆ ಹಾಕ್ತಿದ್ದೆ ಕಣೇ."

"ನಾನು ಹೇಳಿದ್ಮೇಲೆ ಇದ್ರೆ ಅದೇನು ಪ್ರೀತಿ?"

ಈ ಕೊನೇ ಮಾತನ್ನ ನಾನು ಎಷ್ಟೋ ಬಾಯಲ್ಲಿ ಕೇಳಿದೀನಿ, ಗಂಡಸರ ಬಾಯಲ್ಲೂ ಕೇಳಿದೀನಿ, ಅವರದು "ನನಗೆ ಆಫೀಸಲ್ಲಿ ಟೆನ್ಷನ್ ಇದೆ ಅಂತ ಮುಖ ನೋಡಿದ್ರೆ ಗೊತ್ತಾಗಲ್ವಾ ಇವಳಿಗೆ" ಅನ್ನೋ ರೂಪದಲ್ಲಿ ಬರುತ್ತೆ. ಇದರಲ್ಲಿರೋ ಸಿಕ್ಕು ನೋಡಿ. ಕೇಳಿದ್ರೆ ಸಿಗುತ್ತೆ, ಆದ್ರೆ ಕೇಳಿ ಸಿಕ್ಕಿದ್ದಕ್ಕೆ ಬೆಲೆ ಇಲ್ಲ, ಕೇಳದೆ ಇದ್ರೆ ಸಿಗಲ್ಲ, ಸಿಗಲಿಲ್ಲ ಅಂದ್ರೆ ಪ್ರೀತಿ ಇಲ್ಲ. ಎದುರಿಗಿರೋನು ಏನೇ ಮಾಡಿದ್ರೂ ಫೇಲು. ಪ್ರಶ್ನೆಪತ್ರಿಕೆ ಕೊಡದೇ ಪರೀಕ್ಷೆ ಮಾಡೋದು ಅಂದ್ರೆ ಇದೇ, ಅದೂ ಪರೀಕ್ಷೆ ನಡೀತಿದೆ ಅನ್ನೋದೇ ಆ ಮನುಷ್ಯನಿಗೆ ಗೊತ್ತಿರಲ್ಲ.

ಹಾಗಂತ ಅವಳ ಆಸೆ ತಪ್ಪು ಅಂತ ನಾನು ಹೇಳಲ್ಲ. ಚಿಕ್ಕಂದಿನಲ್ಲಿ ಹುಷಾರಿಲ್ಲದಾಗ ಅವಳ ಅಮ್ಮ ಏನೂ ಕೇಳದೇ ಗಂಜಿ ಮಾಡ್ಕೊಂಡು ಪಕ್ಕದಲ್ಲಿ ಕೂರ್ತಿದ್ರಂತೆ. ಅವನ ಮನೇಲಿ ಹುಷಾರಿಲ್ಲದೋರನ್ನ ಎಬ್ಬಿಸ್ಬಾರದು, ಸದ್ದು ಮಾಡ್ಬಾರದು, ಮಲಗೋಕೆ ಬಿಡ್ಬೇಕು, ಅದೇ ಕಾಳಜಿ. ಅವನು ಬಾಗಿಲು ಸದ್ದಾಗದ ಹಾಗೆ ಎಳ್ಕೊಂಡು ಹೋದದ್ದು ಅವನ ಲೆಕ್ಕದಲ್ಲಿ ಪ್ರೀತಿನೇ. ಅವಳ ಲೆಕ್ಕದಲ್ಲಿ ಅದು ತಪ್ಪಿಸ್ಕೊಂಡು ಓಡಿ ಹೋದದ್ದು.

ಈ ಐದರ ಆಚೆ ಇನ್ನೊಂದು ತರದ ನಂಬಿಕೆ ಇದೆ, ಸೋಲ್‌ಮೇಟ್. ರೇಮಂಡ್ ನೀ ಅನ್ನೋ ಅಮೆರಿಕದ ಮನಶ್ಶಾಸ್ತ್ರಜ್ಞ (ಹೌದು, ಸರ್‌ನೇಮೇ ನೀ) 1998ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ರು. ಕೆಲವರು ಸಂಬಂಧಾನ ವಿಧಿ ಅಂತ ನೋಡ್ತಾರೆ, ನನಗೆ ಅಂತ ಒಬ್ರು ಇದಾರೆ, ಸಿಕ್ಕಿದ ತಕ್ಷಣ ಗೊತ್ತಾಗ್ಬೇಕು, ಹೊಂದಿಕೆ ಆಗಲಿಲ್ಲ ಅಂದ್ರೆ ಅವರಲ್ಲ ಅಂತ ಅರ್ಥ. ಇನ್ನು ಕೆಲವರು ಸಂಬಂಧ ಬೆಳೆಸ್ಕೊಳ್ಳೋದು, ಕಷ್ಟ ಬಂದಾಗ ಇನ್ನೂ ಗಟ್ಟಿ ಆಗುತ್ತೆ ಅಂತ ನೋಡ್ತಾರೆ. ಇವೆರಡೂ ಒಂದಕ್ಕೊಂದು ವಿರುದ್ಧ ಅಂತಾನೂ ಅಲ್ಲ, ಒಬ್ಬರಲ್ಲೇ ಎರಡೂ ಇರ್ಬೋದು. ಅವರು ಕಾಲೇಜು ಹುಡುಗ ಹುಡುಗಿಯರಲ್ಲಿ ಕಂಡಿದ್ದು ಏನಪ್ಪಾ ಅಂದ್ರೆ, ವಿಧಿ ನಂಬೋರ ಸಂಬಂಧ ಶುರುವಿನ ದಿನಗಳ ಖುಷಿ ಮೇಲೆ ನಿಂತಿರುತ್ತೆ, ಆರಂಭ ಚೆನ್ನಾಗಿದ್ರೆ ಬಹಳ ದಿನ ಬಾಳುತ್ತೆ, ಇಲ್ಲಾಂದ್ರೆ ಬೇಗ ಮುರಿದು ಬೀಳುತ್ತೆ. ಇನ್ನೊಂದು ಅಧ್ಯಯನದಲ್ಲಿ ಗಿಲಿ ಫ್ರೀಡ್‌ಮನ್ ಮತ್ತೆ ಜೊತೆಯವರು ಕಂಡದ್ದು, ಇಂಥ ವಿಧಿವಾದಿಗಳಿಗೆ ಘೋಸ್ಟಿಂಗ್, ಅಂದ್ರೆ ಒಂದು ಮಾತೂ ಹೇಳದೇ ಮಾಯ ಆಗೋದು, ಅಷ್ಟೇನೂ ತಪ್ಪು ಅನಿಸಲ್ಲ ಅಂತ. ನನಗೆ ಇದು ಸರಿಯಾಗೇ ಅರ್ಥ ಆಗುತ್ತೆ, ನನ್ನವಳಲ್ಲ ಅಂತ ತೀರ್ಮಾನ ಆದ್ಮೇಲೆ ಅವಳಿಗೆ ವಿವರಣೆ ಕೊಡೋದು ಯಾಕೆ ಅನ್ನೋ ಧೋರಣೆ.

ಮ್ಯಾಟ್ರಿಮೋನಿ ಹುಡುಗರು ಬರ್ತಾರೆ ನನ್ನ ಹತ್ರ, ಈಗೀಗ ಹುಡುಗಿಯರೂ ಬರ್ತಾರೆ. ಕಾಫಿ ಡೇಲೋ ದರ್ಶಿನೀಲೋ ಮುಕ್ಕಾಲು ಗಂಟೆ ಕೂತು ಮಾತಾಡಿ ಬಂದು "ಒಳ್ಳೆಯವಳೇ ಮೇಡಂ, ಆದ್ರೆ ಸ್ಪಾರ್ಕ್ ಬರ್ಲಿಲ್ಲ" ಅಂತಾರೆ. ಎದೆ ಡವಡವ ಅನ್ನಲಿಲ್ಲವಂತೆ. ಎದೆ ಡವಡವ ಅನ್ನೋಕೆ ಪ್ರೀತಿನೇ ಬೇಕಾಗಿಲ್ಲ ಅಂತ ತೋರಿಸೋಕೆ ಡಟನ್ ಮತ್ತೆ ಆರನ್ 1974ರಲ್ಲಿ ಪ್ರಕಟಿಸಿದ ಪ್ರಯೋಗ ಇದೆ, ಕೆನಡಾದ ಕ್ಯಾಪಿಲಾನೊ ತೂಗುಸೇತುವೆ ಮೇಲೆ ಮಾಡಿದ್ದು. 230 ಅಡಿ ಆಳದ ಕಣಿವೆ ಮೇಲೆ ಅಲ್ಲಾಡೋ ಸೇತುವೆ, ದಾಟ್ತಿರೋ ಗಂಡಸರನ್ನ ಒಬ್ಬ ಯುವತಿ ನಿಲ್ಲಿಸಿ ಒಂದು ಚಿತ್ರಕ್ಕೆ ಕಥೆ ಬರೆಸಿ, ಹೆಚ್ಚಿನ ಮಾಹಿತಿ ಬೇಕಾದ್ರೆ ಫೋನ್ ಮಾಡಿ ಅಂತ ನಂಬರ್ ಕೊಡ್ತಾಳೆ. ಅಲ್ಲಾಡದ ಗಟ್ಟಿ ಸೇತುವೆ ಮೇಲೂ ಹಾಗೇ. ಅಲ್ಲಾಡೋ ಸೇತುವೇಲಿ ನಂಬರ್ ತಗೊಂಡ 18 ಜನರಲ್ಲಿ 9 ಜನ ಫೋನ್ ಮಾಡಿದ್ರು, ಗಟ್ಟಿ ಸೇತುವೇಲಿ 16ರಲ್ಲಿ ಇಬ್ರು. ಭಯಕ್ಕೆ ಬಡ್ಕೊಂಡ ಎದೆಗೆ ಆಕರ್ಷಣೆ ಅಂತ ಹೆಸರಿಟ್ಕೊಂಡ್ರು ಅನ್ನೋದು ಸಂಶೋಧಕರ ವಾದ. ಸಣ್ಣ ಪ್ರಯೋಗ, ಇದರ ಮೇಲೆ ತಕರಾರುಗಳೂ ಇವೆ, ಆದ್ರೂ ಆ ಹುಡುಗರಿಗೆ ಇದನ್ನ ಹೇಳಿ ಇನ್ನೊಂದೆರಡು ಸಲ ಭೇಟಿ ಆಗಿ ನೋಡಪ್ಪ ಅಂತೀನಿ. ಕೆಲವರು ಕೇಳ್ತಾರೆ, ಕೆಲವರು ಮುಂದಿನ ಪ್ರೊಫೈಲಿಗೆ ಹೋಗ್ತಾರೆ.

ನಂಬಿಕೆ ಅನ್ನೋದು ಬರೀ ಮಾತಿನಿಂದಲೂ ಆಚೆ ಈಚೆ ಆಗುತ್ತೆ. ಸ್ಪೈಕ್ ಲೀ (ಸಿನಿಮಾದವರಲ್ಲ, ಮನಶ್ಶಾಸ್ತ್ರಜ್ಞ) ಮತ್ತೆ ನಾರ್ಬರ್ಟ್ ಶ್ವಾರ್ಟ್ಸ್ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೆಲವರಿಗೆ 'ಮೇಡ್ ಫಾರ್ ಈಚ್ ಅದರ್' ತರದ ಮಾತುಗಳನ್ನ ತೋರಿಸಿದ್ರು, ಇನ್ನು ಕೆಲವರಿಗೆ 'ಎಷ್ಟು ದೂರ ಜೊತೆಯಾಗಿ ಬಂದ್ವಿ' ಅನ್ನೋ ತರದ ಮಾತುಗಳನ್ನ. ಆಮೇಲೆ ತಮ್ಮ ಜಗಳಗಳನ್ನೋ ಖುಷಿಯ ಗಳಿಗೆಗಳನ್ನೋ ನೆನಪು ಮಾಡ್ಕೊಳ್ಳಿ ಅಂದ್ರು. ಜಗಳ ನೆನೆಸ್ಕೊಂಡಾಗ ಮೇಡ್ ಫಾರ್ ಈಚ್ ಅದರ್ ಗುಂಪಿನವರಿಗೆ ತಮ್ಮ ಸಂಬಂಧದ ಬಗ್ಗೆ ಸಮಾಧಾನ ಕಮ್ಮಿ ಆಯ್ತು, ಪಯಣದ ಗುಂಪಿಗೆ ಆ ಪೆಟ್ಟು ಬೀಳಲಿಲ್ಲ. ನಮ್ಮಲ್ಲಿ ಯಾರ ಮದುವೆ ಫೋಟೋ ಹಾಕಿದ್ರೂ ಕೆಳಗೆ ಇಪ್ಪತ್ತು ಜನ ಬರೆಯೋದು ಅದೇ ಮೇಡ್ ಫಾರ್ ಈಚ್ ಅದರ್, ಹಾರೈಕೆ ಅಂದ್ಕೊಂಡು ಬರೀತಾರೆ ಪಾಪ.

ಈಗ ನೀವು ಕೇಳ್ಬೋದು, ಇದೆಲ್ಲಾ ಅಲ್ಲಿಯವರ ಕಥೆ, ನಮ್ಮದು ಬೇರೆ ಅಲ್ವಾ ಅಂತ. ಬೇರೆ ಹೌದು. 1995ರಲ್ಲಿ ಲೆವೀನ್ ಮತ್ತೆ ಸಂಗಡಿಗರು 11 ದೇಶಗಳ ಕಾಲೇಜು ವಿದ್ಯಾರ್ಥಿಗಳನ್ನ ಕೇಳಿದ್ರು, ನಿಮಗೆ ಬೇಕಾದ ಎಲ್ಲಾ ಗುಣ ಇದ್ದು ಪ್ರೀತಿ ಮಾತ್ರ ಹುಟ್ಟಿಲ್ಲ ಅಂದ್ರೆ ಮದುವೆ ಆಗ್ತೀರಾ ಅಂತ. ಭಾರತದಲ್ಲಿ ಸುಮಾರು ಅರ್ಧದಷ್ಟು ಜನ ಆಗ್ತೀವಿ ಅಂದ್ರು, ಅಮೆರಿಕದಲ್ಲಿ ನೂರಕ್ಕೆ ನಾಲ್ಕು ಜನಾನೂ ಹಾಗೆ ಹೇಳಲಿಲ್ಲ. ಇವತ್ತು ಕೇಳಿದ್ರೆ ನಮ್ಮ ಅಂಕಿ ಇಳಿದಿರುತ್ತೆ ಅಂತ ನನ್ನ ಊಹೆ, ಆದ್ರೂ "ಮೊದಲು ಮದುವೆ, ಆಮೇಲೆ ಪ್ರೀತಿ ತಾನಾಗೇ ಬರುತ್ತೆ" ಅನ್ನೋ ಮಾತು ಹುಡುಗಿ ನೋಡೋ ಶಾಸ್ತ್ರದಲ್ಲಿ ಇನ್ನೂ ಓಡ್ತಾ ಇದೆ. ಇದಕ್ಕೆ ಸಾಕ್ಷಿ ಅಂತ ಜೈಪುರದಲ್ಲಿ 50 ಜೋಡಿಗಳ ಮೇಲೆ ಮಾಡಿ 1982ರಲ್ಲಿ ಬಂದ ಒಂದು ಅಧ್ಯಯನವನ್ನ ಎಲ್ಲರೂ ಎತ್ತಿ ಹೇಳ್ತಾರೆ, ಹಿರಿಯರು ನಿಶ್ಚಯಿಸಿದ ಮದುವೇಲಿ ಪ್ರೀತಿ ವರ್ಷ ಕಳೆದ ಹಾಗೆ ಏರುತ್ತೆ, ಲವ್ ಮ್ಯಾರೇಜಲ್ಲಿ ಇಳಿಯುತ್ತೆ ಅಂತ. ಆದ್ರೆ 2012ರಲ್ಲಿ ಅಮೆರಿಕದಲ್ಲಿರೋ ಭಾರತೀಯರನ್ನ ನೋಡಿದ ಅಧ್ಯಯನದಲ್ಲಿ ಎರಡಕ್ಕೂ ಏನೂ ವ್ಯತ್ಯಾಸ ಕಾಣಲಿಲ್ಲ. ಸಣ್ಣ ಸಣ್ಣ ಅಧ್ಯಯನಗಳು ಇವು, ಇದನ್ನ ಹಿಡ್ಕೊಂಡು ಮಗಳ ಜೊತೆ ವಾದಕ್ಕೆ ಇಳೀಬೇಡಿ.

ನನಗೆ ಹೆಚ್ಚು ಕುತೂಹಲ ಇರೋದು ನಮ್ಮ ಋಣಾನುಬಂಧದ ಬಗ್ಗೆ. ಅದೂ ವಿಧಿನೇ, ಸೋಲ್‌ಮೇಟೂ ವಿಧಿನೇ, ಮೇಲ್ನೋಟಕ್ಕೆ ಎರಡೂ ಒಂದೇ ಅನಿಸುತ್ತೆ. ಆದ್ರೆ ಕೆಲಸ ಮಾಡೋದು ತದ್ವಿರುದ್ಧವಾಗಿ. ಸೋಲ್‌ಮೇಟ್ ನಂಬೋನಿಗೆ ಜಗಳ ಆಯ್ತು ಅಂದ್ರೆ ಇವಳಲ್ಲ, ಇನ್ನೊಬ್ಬಳು ಎಲ್ಲೋ ಇದಾಳೆ, ಹೊರಡು. ಋಣಾನುಬಂಧ ನಂಬೋಳಿಗೆ ಬಂದೋನೇ ಬರ್ಬೇಕಾದೋನು, ಸಾಲಾವಳಿ ಕೂಡಿ ಬಂದಿದೆ, ಜಗಳಾನೂ ಆ ಋಣದ ಭಾಗ, ತೀರಿಸ್ಬೇಕು, ಇರು. "ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ" ಅನ್ನೋ ಗಾದೆ ಜಗಳಾನ ಎಷ್ಟು ಹಗುರ ಮಾಡಿಬಿಡುತ್ತೆ ನೋಡಿ, ಭಿನ್ನಾಭಿಪ್ರಾಯ ಬಂದ್ರೆ ಸಂಬಂಧ ಮುಗೀತು ಅನ್ನೋ ಪ್ರಶ್ನಾವಳಿಯ ಆ ಮೊದಲನೇ ನಂಬಿಕೆಗೆ ಇದಕ್ಕಿಂತ ಒಳ್ಳೆ ಔಷಧಿ ನಾನು ಕಂಡಿಲ್ಲ. ಅದೇ ಗಾದೇನ ಹೊಡೆಸ್ಕೊಂಡು ತವರಿಗೆ ಬಂದ ಮಗಳಿಗೆ ಹೇಳಿ ವಾಪಸ್ ಬಸ್ ಹತ್ತಿಸಿದ ಅಪ್ಪ ಅಮ್ಮಂದಿರನ್ನೂ ಕಂಡಿದೀನಿ.

ಈಗ ನನ್ನ ರೂಮಿಗೆ ಬರೋ ಜೋಡಿಗಳಲ್ಲಿ ಎರಡೂ ನಂಬಿಕೆ ಒಂದೇ ಮನೇಲಿ ಇರ್ತವೆ. ಮಗ ಸೊಸೆ ಸೋಲ್‌ಮೇಟ್ ಲೆಕ್ಕದಲ್ಲಿ, ಫೋನ್‌ನಲ್ಲಿ ಅವಳ ಅಮ್ಮ ಅವನ ಅಮ್ಮ ಋಣಾನುಬಂಧದ ಲೆಕ್ಕದಲ್ಲಿ. ಎಷ್ಟೋ ಸಲ ಒಬ್ಬ ಮನುಷ್ಯನ ಒಳಗೇ ಎರಡೂ ಇರುತ್ತೆ, ಸಂಜೆ ಕೋಪದಲ್ಲಿ ಒಂದು, ಬೆಳಿಗ್ಗೆ ಕಾಫಿ ಹೊತ್ತಿಗೆ ಇನ್ನೊಂದು.

ಹಾಗಾದ್ರೆ ಬೆಳೆಸ್ಕೊಳ್ಳೋದು ಅನ್ನೋ ನಂಬಿಕೆನೇ ಸರಿ ಅಂತ ತೀರ್ಮಾನ ಮಾಡ್ಬೇಡಿ, ಅದಕ್ಕೂ ಒಂದು ಕೆಟ್ಟ ಮುಖ ಇದೆ. "ಒಂದು ಮದುವೆ ಮಾಡಿದ್ರೆ ಸರಿ ಹೋಗ್ತಾನೆ" ಅಂತ ಕುಡುಕ ಮಗನಿಗೆ ಹೆಣ್ಣು ತರೋದು ಇದೇ ನಂಬಿಕೆ, ಒಂದು ಮಗು ಆಗ್ಲಿ ಅನ್ನೋದು ಅದರ ಎರಡನೇ ಕಂತು. ಬೆಳೆಯೋಕೆ ಇಬ್ರೂ ಕೈ ಹಾಕ್ಬೇಕು. ಒಬ್ಳೇ ಅನುಸರಿಸ್ಕೊಂಡು, ಒಬ್ಳೇ ಬದಲಾಗ್ತಾ ಇದ್ರೆ ಅದಕ್ಕೆ ನಾನು ಬೆಳವಣಿಗೆ ಅನ್ನಲ್ಲ. ಹೊಡೆತ, ಬೆದರಿಕೆ, ದುಡ್ಡು ಕಿತ್ಕೊಳ್ಳೋದು, ಮನೆಯಿಂದ ಹೊರಗೆ ಬಿಡದೇ ಇರೋದು ಇದ್ರೆ ಪ್ರೀತಿ ನಿಜವೋ ಸುಳ್ಳೋ ಅನ್ನೋ ಚರ್ಚೆನೇ ಬೇಡ, ಇಬ್ಬರನ್ನೂ ಒಟ್ಟಿಗೆ ಕೂರಿಸಿ ಕೌನ್ಸೆಲಿಂಗ್ ಮಾಡೋದೂ ಬೇಡ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಇರೋದು ಇದಕ್ಕೇನೇ, 181 ಮಹಿಳಾ ಸಹಾಯವಾಣಿ ಇದೆ, ಮೊದಲು ಅಲ್ಲಿಗೆ.

ಉಳಿದವರಿಗೆ ನಾನು ಒಂದೊಂದು ಬಿಳಿ ಹಾಳೆ ಕೊಡ್ತೀನಿ. ಮೇಲೆ ಒಂದೇ ವಾಕ್ಯ: "ನನ್ನ ಮೇಲೆ ನಿಜವಾಗ್ಲೂ ಪ್ರೀತಿ ಇದ್ದಿದ್ರೆ..." ಅದನ್ನ ಎಷ್ಟು ತರದಲ್ಲಿ ಆದ್ರೂ ಮುಗಿಸಿ, ಬೇರೆ ಬೇರೆ ಕೂತು, ಒಬ್ಬರದು ಒಬ್ರು ನೋಡದೇ. ಬರೋ ಉತ್ತರಗಳಲ್ಲಿ ಎಲ್ಲೂ ಚಂದ್ರ ನಕ್ಷತ್ರ ಇರಲ್ಲ. ಊಟ ಆಯ್ತಾ ಅಂತ ಮಧ್ಯಾಹ್ನ ಕೇಳ್ತಿದ್ದ. ನಮ್ಮಮ್ಮಂಗೆ ಅವಳಾಗೇ ಫೋನ್ ಮಾಡ್ತಿದ್ಲು. ಫ್ರೆಂಡ್ಸ್ ಮುಂದೆ ನನ್ನ ಅಡುಗೆ ಬಗ್ಗೆ ಜೋಕ್ ಮಾಡ್ತಿರಲಿಲ್ಲ. ಒಂದು ಜೋಡೀಲಿ ಅವಳು ಬರೆದಿದ್ಲು, "ನಾನು ಸಿಟ್ಟು ಮಾಡ್ಕೊಂಡು ರೂಮಿಗೆ ಹೋದಾಗ ಹಿಂದೇನೇ ಬರ್ತಿದ್ದ." ಅವನ ಹಾಳೇಲಿ, "ಸಿಟ್ಟು ಬಂದಾಗ ಅರ್ಧ ಗಂಟೆ ನನ್ನ ಪಾಡಿಗೆ ನನ್ನ ಬಿಡ್ತಿದ್ಲು." ವರ್ಷಗಳಿಂದ ಅವನು ತನಗೆ ಬೇಕಾದದ್ದನ್ನ ಅವಳಿಗೆ ಕೊಡ್ತಿದ್ದ, ಅವಳು ತನಗೆ ಬೇಕಾದದ್ದನ್ನ ಅವನಿಗೆ. ಇಬ್ರೂ ನೊಂದ್ಕೊಂಡಿದ್ರು, ಇಬ್ಬರಿಗೂ ತಾನು ಪ್ರೀತಿ ತೋರಿಸ್ತಿದೀನಿ ಅಂತ ಪೂರ್ತಿ ನಂಬಿಕೆ ಇತ್ತು.

ಹಾಳೆ ಬದಲಾಯಿಸ್ಕೊಂಡು ಓದಿದ ತಕ್ಷಣ ಎಲ್ಲಾ ಸರಿ ಹೋಗಲ್ಲ, ಕೆಲವರಿಗೆ ಇನ್ನೂ ಸಿಟ್ಟೇ ಬರುತ್ತೆ, "ಇಷ್ಟು ಸಣ್ಣ ವಿಷಯಾನ ಇಷ್ಟು ವರ್ಷ ಬಾಯಿ ಬಿಟ್ಟು ಹೇಳೋಕೆ ಆಗಲಿಲ್ವಾ ನಿನಗೆ" ಅಂತ. ಜ್ವರದ ಜೋಡಿಗೆ ನಾನು ಕೊಟ್ಟ ಹೋಂವರ್ಕ್ ಒಂದೇ, ಪರವಾಗಿಲ್ಲ ಅನ್ನೋ ಪದಾನ ಒಂದು ತಿಂಗಳು ಬಳಸ್ಬೇಡಿ. ಪರವಾಗಿಲ್ಲ ಬದಲು ಇರು ಅಥವಾ ಹೋಗು, ಎರಡರಲ್ಲಿ ಒಂದು. ಅವಳಿಗೆ ಮೊದಮೊದಲು ಭಿಕ್ಷೆ ಕೇಳಿದ ಹಾಗೆ ಅನಿಸ್ತಿತ್ತಂತೆ, ಆಮೇಲಾಮೇಲೆ ತಾನು ಇರು ಅಂದ್ರೆ ಅವನು ನಿಜವಾಗ್ಲೂ ಇರ್ತಾನೆ ಅನ್ನೋದು ಕಂಡ್ಮೇಲೆ ಸ್ವಲ್ಪ ಸಡಿಲ ಆದ್ಲು.

ನಿಶ್ಚಿತಾರ್ಥ ಆಗಿ ಮದುವೆಗೆ ಮುಂಚೆ ಬರೋ ಜೋಡಿಗಳಿಗೂ ಇದೇ ಹಾಳೆ, "ಇದ್ದಿದ್ರೆ" ಇರೋ ಕಡೆ "ಇದ್ರೆ" ಅಂತ ತಿದ್ದಿ ಕೊಡ್ತೀನಿ. ಹುಡುಗೀರು ಹಾಳೆ ತಿರುಗಿಸಿ ಹಿಂದೂ ಬರೀತಾರೆ. ಹುಡುಗರು ಸಾಮಾನ್ಯವಾಗಿ ಎರಡು ಸಾಲು ಬರೆದು "ಅಷ್ಟೇ ಮೇಡಂ" ಅಂತ ಪೆನ್ ಕೆಳಗಿಡ್ತಾರೆ, ಅವಳ ಹಾಳೆ ಓದಿ ಮುಗಿಸಿದ್ಮೇಲೆ ಇನ್ನೂ ಸ್ವಲ್ಪ ಬರಿಯೋದಿದೆ ಅಂತ ತಮ್ಮದನ್ನ ವಾಪಸ್ ಇಸ್ಕೊಳ್ತಾರೆ.