ವಿಕಿ ಲೇಖನ ಚಿಕ್ಕದಿದ್ದರೆ ಅದು ಅಪೂರ್ಣವೇ?

ಪ್ರಶ್ನೆ: ನಾನು ವಿರಾಜಪೇಟೆಯಲ್ಲಿ ಪಿಯುಸಿ ಓದುತ್ತಿದ್ದೇನೆ. ಕಾಲೇಜಿನ ಭಿತ್ತಿಪತ್ರಿಕೆಗೆ ಸ್ಟಾರ್ ವಾರ್ಸ್ ಮತ್ತು ಸ್ಟಾರ್ ಟ್ರೆಕ್ ಎಂಬ ಬಾಹ್ಯಾಕಾಶ ಕಥೆಗಳ ಅನ್ಯಗ್ರಹ ಜೀವಿಗಳ ಬಗ್ಗೆ ಬರೆಯಬೇಕು. ಅಭಿಮಾನಿಗಳೇ ಸೇರಿ ಬರೆಯುವ ವಿಕಿ ಜಾಲತಾಣಗಳಲ್ಲಿ ಕೆಲವು ಜೀವಿಗಳಿಗೆ ಪುಟಗಟ್ಟಲೆ ಮಾಹಿತಿ ಇದೆ, ಕೆಲವಕ್ಕೆ ಮೂರೇ ಸಾಲು. ಆ ಮೂರು ಸಾಲಿನದು ಅರ್ಧಕ್ಕೆ ಬಿಟ್ಟಿದ್ದಾ, ಇಲ್ಲ ಇರೋದೇ ಅಷ್ಟಾ ಅಂತ ಹೇಗೆ ತಿಳಿಯೋದು?

ಉತ್ತರ: ಉದ್ದ ನೋಡಿ ತೀರ್ಮಾನ ಮಾಡಬೇಡಿ. ಮೂಲ ಕಥೆಯಲ್ಲಿ ಎಷ್ಟು ಹೇಳಿದ್ದಾರೆ, ಅದರಲ್ಲಿ ಲೇಖನಕ್ಕೆ ಎಷ್ಟು ಬಂದಿದೆ, ಇಷ್ಟೇ ಲೆಕ್ಕ. ನಿಮ್ಮ ಕಡೆ ಕೊಯ್ಲಿನ ಕೊನೆಗೆ ತೋಟಕ್ಕೆ ಹೋದರೆ ಹಣ್ಣಿಲ್ಲದ ಕಾಫಿ ಗಿಡಗಳು ಕಾಣುತ್ತವೆ ಅಲ್ವಾ? ಕೊಯ್ದು ಮುಗಿದದ್ದೂ ಬರಿದು, ಕಾಯೇ ಕಟ್ಟದ್ದೂ ಬರಿದು. ರಸ್ತೆಯಿಂದ ನೋಡಿದರೆ ವ್ಯತ್ಯಾಸ ತಿಳಿಯಲ್ಲ, ರೆಂಬೆ ಹಿಡಿದು ಗೆಣ್ಣು ನೋಡಬೇಕು. ಲೇಖನವನ್ನೂ ಹಾಗೇ ಹತ್ತಿರದಿಂದ ನೋಡಬೇಕು.

ಸ್ಟಾರ್ ವಾರ್ಸ್‌ನ ಯೋಡಾನನ್ನೇ ತೆಗೆದುಕೊಳ್ಳಿ. ಅವನು ಮೊದಲು ಬಂದದ್ದು 1980ರ ಚಿತ್ರದಲ್ಲಿ. 1999ರಲ್ಲಿ ಅವನದೇ ಪ್ರಭೇದದ ಯಾಡಲ್ ಕಂಡಳು. 2019ರಲ್ಲಿ ಶುರುವಾದ ‘ದಿ ಮ್ಯಾಂಡಲೋರಿಯನ್’ ಸರಣಿಯಲ್ಲಿ ಅದೇ ಪ್ರಭೇದದ ಪುಟ್ಟ ಗ್ರೋಗು ಬಂದ. ಇಷ್ಟಾದರೂ ಈ ಪ್ರಭೇದಕ್ಕೆ ಹೆಸರಿಲ್ಲ. ಯಾವ ಗ್ರಹದವರು ಅಂತಲೂ ಹೇಳಿಲ್ಲ. ಸ್ಟಾರ್ ವಾರ್ಸ್ ಸೃಷ್ಟಿಸಿದ ಜಾರ್ಜ್ ಲ್ಯೂಕಸ್ ಅದನ್ನು ಬೇಕೆಂದೇ ಗುಟ್ಟಾಗಿ ಇಟ್ಟರು. ಹಾಗಾಗಿ ಹೆಸರು, ಊರು ಇಲ್ಲದ ಲೇಖನವನ್ನು ಅಪೂರ್ಣ ಅನ್ನೋ ಹಾಗಿಲ್ಲ. ‘ಹೆಸರು ಎಲ್ಲೂ ತಿಳಿಸಿಲ್ಲ’ ಎಂದು ಬಾಯಿಬಿಟ್ಟು ಬರೆದಿದ್ದರಂತೂ ಯಾರೋ ಹುಡುಕಿ ನೋಡಿಯೇ ಬರೆದಿದ್ದಾರೆ ಎಂದರ್ಥ. ಅದೇ ಲೇಖನದಲ್ಲಿ ಆಯಸ್ಸಿನ ಮಾತೇ ಇಲ್ಲ ಅಂದುಕೊಳ್ಳಿ. ಯೋಡಾ ಒಂಬೈನೂರು ವರ್ಷ ಬದುಕಿದ, ಗ್ರೋಗು ಐವತ್ತಾದರೂ ಇನ್ನೂ ಮಗು. ತೆರೆಯ ಮೇಲೆ ಇಷ್ಟು ಸ್ಪಷ್ಟವಾಗಿ ಹೇಳಿದ್ದನ್ನು ಬಿಟ್ಟರೆ, ಲೇಖನ ಹತ್ತು ಪುಟ ಇದ್ದರೂ ಅಪೂರ್ಣವೇ.

ಉದ್ದ ಇದ್ದೂ ಅಪೂರ್ಣವಾಗೋದಕ್ಕೆ ಸ್ಟಾರ್ ಟ್ರೆಕ್‌ನ ಕ್ಲಿಂಗಾನ್‌ಗಳು ಒಳ್ಳೆಯ ಉದಾಹರಣೆ. 1967ರಲ್ಲಿ ಟಿವಿಯಲ್ಲಿ ಮೊದಲು ಬಂದಾಗ ಅವರ ಹಣೆ ನಮ್ಮ ಹಾಗೇ ನುಣ್ಣಗಿತ್ತು. 1979ರ ಸಿನಿಮಾದಲ್ಲಿ ಹಣೆಯ ಮೇಲೆ ಏಣುಗಳು ಬಂದವು. ಕಥೆಯೊಳಗೆ ಆಗ ಯಾರೂ ಕಾರಣ ಹೇಳಲಿಲ್ಲ. 1996ರ ಒಂದು ಕಂತಿನಲ್ಲಿ ನುಣ್ಣನೆ ಹಣೆಯ ಹಳೆಯ ಕ್ಲಿಂಗಾನ್‌ಗಳನ್ನು ಕಂಡು ಗೆಳೆಯರು ಇದನ್ನೇ ಕೇಳಿದಾಗ, ಸ್ವತಃ ಕ್ಲಿಂಗಾನ್ ಆದ ವೋರ್ಫ್, ಹೊರಗಿನವರ ಹತ್ತಿರ ನಾವು ಆ ವಿಷಯ ಮಾತಾಡಲ್ಲ ಎಂದು ಬಾಯಿ ಮುಚ್ಚಿಸುತ್ತಾನೆ. ಕೊನೆಗೆ 2005ರಲ್ಲಿ ‘ಎಂಟರ್‌ಪ್ರೈಸ್’ ಸರಣಿ ಒಂದು ವೈರಸ್ಸಿನ ಕಥೆ ಹೇಳಿ ಕಾರಣ ಕೊಟ್ಟಿತು. ಕ್ಲಿಂಗಾನ್‌ಗಳ ಯುದ್ಧ, ಊಟ, ಮದುವೆ ಎಲ್ಲಾ ಬರೆದು ಈ ಹಣೆಯ ವಿಷಯ ಬಿಟ್ಟ ಲೇಖನವನ್ನು ನಾನು ಒಪ್ಪಲ್ಲ. ಕಥೆಯ ಕಾರಣ ಮಾತ್ರ ಬರೆದು, ಹೊರಗೆ ನಡೆದ ಮೇಕಪ್ಪಿನ ಬದಲಾವಣೆ ಬಿಟ್ಟರೂ ಅರ್ಧವೇ. ಮೂಲದಲ್ಲೇ ಒಂದಕ್ಕೊಂದು ಹೊಂದದ ವಿಷಯ ಇದ್ದಾಗ ಅದನ್ನು ಮುಚ್ಚಿಡದೆ ತೋರಿಸೋದು ನನ್ನ ಪ್ರಕಾರ ವಿಕಿ ಲೇಖನದ ಅತಿ ದೊಡ್ಡ ಗುಣ.

ಆದರೆ ಎಲ್ಲಾ ಸರಣಿ ನೋಡೋಕೆ ನಿಮಗೆ ಪುರುಸೊತ್ತು ಎಲ್ಲಿದೆ? ಪುಟದಲ್ಲೇ ಸುಳಿವು ಸಿಗುತ್ತದೆ. ಸ್ಟಾರ್ ವಾರ್ಸ್‌ನ ವೂಕಿಪೀಡಿಯಾ ಎಂಬ ವಿಕಿಯಲ್ಲಿ ಲೇಖನದ ಕೆಳಗೆ ಆ ಜೀವಿ ಯಾವ ಯಾವ ಸಿನಿಮಾ, ಕಾಮಿಕ್ಸ್, ಕಾದಂಬರಿಯಲ್ಲಿ ಬಂದಿದೆ ಎಂಬ ಪಟ್ಟಿ ಇರುತ್ತದೆ. ಅದನ್ನು ಲೇಖನದ ಅಡಿಟಿಪ್ಪಣಿಗಳ ಜೊತೆ ಹೋಲಿಸಿ. ಪಟ್ಟಿ ಉದ್ದ ಇದ್ದು, ಮಾಹಿತಿಯೆಲ್ಲಾ ಒಂದೇ ಸಿನಿಮಾದಿಂದ ಬಂದಿದ್ದರೆ ಉಳಿದದ್ದನ್ನು ಯಾರೂ ಓದಿ ಸೇರಿಸಿಲ್ಲ ಎಂದೇ ಅನುಮಾನಿಸಿ. ಪಟ್ಟಿಯಲ್ಲಿ ಒಂದೇ ಕಂತು ಇದ್ದು, ಅದರಲ್ಲೂ ಆ ಜೀವಿ ಹೋಟೆಲಿನ ಮೂಲೆಯಲ್ಲಿ ಸುಮ್ನೆ ಕೂತಿದ್ದರೆ ಮೂರು ಸಾಲೇ ಜಾಸ್ತಿ. ‘ಚುಟುಕು’, ಅಂದರೆ ಇನ್ನೂ ಬೆಳೆಸಬೇಕಾದ ಲೇಖನ, ಎಂಬ ಚೀಟಿ ಅಂಟಿಸಿದ್ದರೆ ಅದನ್ನು ಸೂಚನೆ ಅಂತಷ್ಟೇ ತಿಳಿಯಿರಿ. ಲೇಖನ ಬೆಳೆದ ಮೇಲೂ ಅದನ್ನು ತೆಗೆಯೋದು ಮರೆತಿರುತ್ತಾರೆ.

ನೀವು ಓದುವ ವಿಕಿಯ ನಿಯಮವನ್ನೂ ಒಮ್ಮೆ ನೋಡಿ. ಸ್ಟಾರ್ ಟ್ರೆಕ್‌ನ ಮೆಮೊರಿ ಆಲ್ಫಾ ಎಂಬ ವಿಕಿ, ಸರಣಿ ಮತ್ತು ಸಿನಿಮಾದಲ್ಲಿ ಬಂದದ್ದನ್ನೇ ಆ ಲೋಕದ ಸತ್ಯ ಎಂದು ಹಿಡಿಯುತ್ತದೆ. ಕಾದಂಬರಿ, ಕಾಮಿಕ್ಸ್‌ನ ವಿವರ ಬೇಕಿದ್ದರೆ ಮೆಮೊರಿ ಬೀಟಾ ಎಂಬ ಬೇರೆ ವಿಕಿಗೇ ಹೋಗಬೇಕು. ಸ್ಟಾರ್ ವಾರ್ಸ್‌ನಲ್ಲಿ 2014ರಲ್ಲಿ ಹಳೆಯ ಕಾದಂಬರಿಗಳನ್ನೆಲ್ಲಾ ‘ಲೆಜೆಂಡ್ಸ್’ ಎಂದು ಅಧಿಕೃತ ಕಥೆಯಿಂದ ಬೇರೆ ಇಟ್ಟರು. ಹಾಗಾಗಿ ಎಷ್ಟೋ ಜೀವಿಗಳಿಗೆ ಎರಡು ಪುಟಗಳಿವೆ. ಒಂದು ಪುಟದಲ್ಲಿ ಇಲ್ಲದ್ದು ಇನ್ನೊಂದರಲ್ಲಿ ಇರಬಹುದು. ಭಿತ್ತಿಪತ್ರಿಕೆಯಲ್ಲಿ ಎರಡನ್ನೂ ಕಲಸಬೇಡಿ.

ಇನ್ನೊಂದು ಮಾತು. ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕು ಎರಡೂ ಕೈಕೊಟ್ಟಾಗ ಪುಟ ಅರ್ಧ ತೆರೆದು ನಿಲ್ಲುತ್ತದೆ. ಮೊಬೈಲಿನಲ್ಲಿ ಕೆಲವು ವಿಭಾಗಗಳು ಮಡಚಿಕೊಂಡೂ ಇರುತ್ತವೆ. ಪುಟ ಕೊನೆಯವರೆಗೆ ತೆರೆದಿದೆಯಾ ಅಂತ ನೋಡಿಕೊಂಡೇ ಲೇಖನದ ಬಗ್ಗೆ ಮಾತಾಡಿ.

ಲೇಖನದಲ್ಲಿ ಏನೋ ಬಿಟ್ಟುಹೋಗಿದೆ ಎಂದು ಖಾತ್ರಿಯಾದರೆ ನೀವೇ ಸೇರಿಸಬಹುದು. ಯಾವ ಸರಣಿಯ ಯಾವ ಕಂತಿನಲ್ಲಿ ನೋಡಿದಿರಿ ಎಂದು ಜೊತೆಗೇ ಬರೆಯಿರಿ. ಅನುಮಾನ ಇದ್ದರೆ ಲೇಖನ ಮುಟ್ಟದೆ ಚರ್ಚೆಯ ಪುಟದಲ್ಲಿ ಕೇಳಿ.